ಮದರಾಸಿನ ಧಕ್ಕೆ, ಅಂಡಮಾನಿನ ವಿಕ್ರಾಂತ್: 1971ರ ನೌಕಾ ನಾಯಕತ್ವದ ಒಂದು ಪರಿಶೀಲನೆ

1971ರ ಯುದ್ಧದಲ್ಲಿ ಪೂರ್ವ ನೌಕಾ ಕಮಾಂಡಿನ ಮುಖ್ಯಸ್ಥರಾಗಿದ್ದ ವೈಸ್ ಅಡ್ಮಿರಲ್ ಎನ್. ಕೃಷ್ಣನ್ ಅವರ ಹೆಸರು ಬಂದಾಗಲೆಲ್ಲ ಚರ್ಚೆ ಒಂದೇ ಕಡೆ ಹೋಗಿ ನಿಲ್ಲುತ್ತದೆ: ಪಾಕಿಸ್ತಾನದ ಜಲಾಂತರ್ಗಾಮಿ ಘಾಜಿ ಮುಳುಗಿದ್ದು ಹೇಗೆ? ಐಎನ್‌ಎಸ್ ರಾಜಪೂತ್ ಎಸೆದ ಡೆಪ್ತ್ ಚಾರ್ಜ್‌ಗಳಿಂದ ಎಂಬುದು ಭಾರತದ ನಿಲುವು. ಆಕಸ್ಮಿಕ ಸ್ಫೋಟದಿಂದ ಎಂಬುದು ಪಾಕಿಸ್ತಾನದ ವಾದ. ಈ ವಿವಾದ ಹೇಗೆ ತೀರ್ಮಾನವಾದರೂ ಕೃಷ್ಣನ್ ಅವರ ನಾಯಕತ್ವದ ಹಿರಿಮೆ ಕುಗ್ಗುವುದಿಲ್ಲ ಎಂಬುದು ಈ ಲೇಖನದ ವಾದ. ಆ ಹಿರಿಮೆಯನ್ನು ಹುಡುಕಬೇಕಾದದ್ದು ಯುದ್ಧಕ್ಕೆ ಮೊದಲಿನ ದಿನಗಳಲ್ಲಿ, ಅದರಲ್ಲೂ ಮದರಾಸಿಗೆ ಹೋದ ಒಂದು ದೂರವಾಣಿ ಕರೆಯಲ್ಲಿ.

ಅವರ ಕೈಯಲ್ಲಿದ್ದ ಬಲ ದೊಡ್ಡದೇನಲ್ಲ. ದೇಶದ ಏಕೈಕ ವಿಮಾನವಾಹಕ ನೌಕೆ ವಿಕ್ರಾಂತ್‌ನ ಒಂದು ಬಾಯ್ಲರ್ ಬಿರುಕುಬಿಟ್ಟು ವೇಗ ಕುಂದಿತ್ತು. ಬಂಗಾಳ ಕೊಲ್ಲಿಯವರೆಗೆ ಬಂದು ಕಾದಾಡಬಲ್ಲ ಘಾಜಿ ನವೆಂಬರ್ 14ರಂದು ಕರಾಚಿ ಬಿಟ್ಟಿತ್ತು. ಕೃಷ್ಣನ್ ವಿಕ್ರಾಂತನ್ನು ಅಂಡಮಾನಿನ ಮರೆಗೆ ಕಳಿಸಿದರು. ಅದರ ಪಾತ್ರ ವಹಿಸಿದ್ದು 1942ರಲ್ಲಿ ಸೇವೆಗೆ ಸೇರಿದ ಹಳೆಯ ವಿಧ್ವಂಸಕ ನೌಕೆ ರಾಜಪೂತ್. ವಿಮಾನವಾಹಕವೊಂದೇ ಕಳಿಸಬಹುದಾದಷ್ಟು ನಿಸ್ತಂತು ಸಂದೇಶಗಳು ಅದರಿಂದ ಹೊರಟವು. ತಾಯಿಯ ಆರೋಗ್ಯ ವಿಚಾರಿಸುವ ನಾವಿಕನೊಬ್ಬನ ತಂತಿ, ಗುಪ್ತಲಿಪಿಯ ಮುಸುಕಿಲ್ಲದೆ, ಅವುಗಳ ನಡುವೆ ಸೇರಿಕೊಂಡಿತು.

ಮದರಾಸಿನ ನೌಕಾ ಅಧಿಕಾರಿ ಕ್ಯಾಪ್ಟನ್ ಡಕ್‌ವರ್ತ್ ಅವರಿಗೆ ಕೃಷ್ಣನ್ ಫೋನಿನಲ್ಲೇ ಎಲ್ಲವನ್ನೂ ಬಿಚ್ಚಿ ಹೇಳಿದರು: ವಿಕ್ರಾಂತ್ ಬರುತ್ತಿದೆ, ಪೋರ್ಟ್ ಟ್ರಸ್ಟಿನವರಿಂದ ಧಕ್ಕೆ ಕೇಳಿ, ದಿನಸಿ ಗುತ್ತಿಗೆದಾರರಿಗೆ ಸುದ್ದಿ ಮುಟ್ಟಿಸಿ. ಯುದ್ಧದ ಗುಟ್ಟನ್ನು ಯಾರು ಬೇಕಾದರೂ ಕದ್ದು ಕೇಳಬಹುದಾದ ತಂತಿಯ ಮೇಲೆ ಆಡುತ್ತಿರುವ ಮೇಲಧಿಕಾರಿಗೆ ಬುದ್ಧಿ ಕೆಟ್ಟಿದೆ ಎಂದೇ ಡಕ್‌ವರ್ತ್ ಭಾವಿಸಿದರೆಂದು ಕೃಷ್ಣನ್ ತಮ್ಮ ಆತ್ಮಕಥನದಲ್ಲಿ ಬರೆದಿದ್ದಾರೆ. ಶತ್ರುವನ್ನು ನಂಬಿಸಲು ತನ್ನವರ ಕಣ್ಣಿನಲ್ಲಿ ಹುಚ್ಚನಾಗಲೂ ಒಪ್ಪುವುದು ಸಣ್ಣ ಧೈರ್ಯವಲ್ಲ. ವೀರಗಾಥೆಗಳಲ್ಲಿ ಇದಕ್ಕೆ ಸಿಗಬೇಕಾದ ಜಾಗ ಸಿಕ್ಕಿಲ್ಲವೆಂಬುದು ನನ್ನ ಕೊರಗು.

ಆಕರದ ಬಗ್ಗೆ ಎಚ್ಚರ ಬೇಕು, ನಿಜ. ಇದು ಸೇನಾನಿಯೇ ತನ್ನ ಬಗ್ಗೆ ಹಲವು ವರ್ಷಗಳ ನಂತರ ಬರೆದ ಕಥನ. ಆದರೆ ಅದರ ಮುಖ್ಯ ಅಂಶಗಳಿಗೆ ಹೊರಗಿನ ಆಧಾರವಿದೆ. ಘಾಜಿಯ ಅವಶೇಷ ಸಿಕ್ಕಿದ್ದು ವಿಶಾಖಪಟ್ಟಣದ ಬಾಗಿಲಲ್ಲಿ. ವಿಕ್ರಾಂತ್ ಇದ್ದದ್ದು ಅಲ್ಲಿಂದ ಬಹುದೂರ. ಡಿಸೆಂಬರ್ 4ರಂದು ಅದರ ಸೀ ಹಾಕ್ ವಿಮಾನಗಳು ಕಾಕ್ಸ್ ಬಜಾರ್ ಮೇಲೆರಗಿದವು.

ತುಕಡಿಯ ಮುಂದೆ ನಿಂತು ನಡೆಸುವವನೇ ನಾಯಕ ಎಂಬ ಕಲ್ಪನೆ ನೆಲದ ಯುದ್ಧಕ್ಕೆ ಸಹಜ. ಕೃಷ್ಣನ್ ಅವರಿಗೂ ಸಮರಾಂಗಣದ ಅನುಭವ ಕಡಿಮೆಯಿರಲಿಲ್ಲ. ಎರಡನೇ ಮಹಾಯುದ್ಧದಲ್ಲಿ ಡಿಸ್ಟಿಂಗ್ವಿಶ್ಡ್ ಸರ್ವಿಸ್ ಕ್ರಾಸ್ ಪಡೆದವರು. ಆದರೆ 1971ರಲ್ಲಿ ಅವರು ದಡದ ಮೇಲಿದ್ದರು, ಹಡಗುಗಳು ದೂರದ ಕಡಲಿನಲ್ಲಿದ್ದವು. ಕೊಟ್ಟ ಆದೇಶಕ್ಕೆ ಕಾರಣ ಹೇಳುವ ಹಾಗಿರಲಿಲ್ಲ, ಹೇಳದಿದ್ದರೂ ಅದು ನಡೆಯಬೇಕಿತ್ತು. ಡಕ್‌ವರ್ತ್, ರಾಜಪೂತ್‌ನ ಲೆಫ್ಟಿನೆಂಟ್ ಕಮಾಂಡರ್ ಇಂದರ್ ಸಿಂಗ್ ಇಂಥವರ ವಿಧೇಯತೆಯನ್ನು ಲೆಕ್ಕಕ್ಕೆ ಹಿಡಿಯದೆ ಬರೆದ ಕೃಷ್ಣನ್ ಚರಿತ್ರೆ ಅರ್ಧವೇ ಉಳಿಯುತ್ತದೆ.