ವಾಣಿಜ್ಯ ರೇಡಿಯೋ ನೆಲೆಯಿಂದ ಹವ್ಯಾಸಿಗಳ ಪುನಃಪ್ರಸಾರ ಕೇಂದ್ರಕ್ಕೆ

ಯಂತ್ರಗಳ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ನೂತನ ನಿರ್ಮಾಣಗಳಿಗೆ ಪ್ರಾಶಸ್ತ್ಯವನ್ನು ಕೊಡುವರು. ಬಳಕೆ ತಪ್ಪಿದ ಯಂತ್ರವೊಂದು ಬೇರೊಂದು ಸಮುದಾಯದ ಕೈಸೇರಿ ಹೊಸ ವ್ಯವಸ್ಥೆಯನ್ನು ಬೆಳೆಸಿದ ಸಂದರ್ಭಗಳು ಅವರ ಗಮನಕ್ಕೆ ಬರುವುದು ಅಪೂರ್ವ. ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ 1960ರ ದಶಕದಲ್ಲಿ ಹಳೆಯ ವಾಣಿಜ್ಯ ರೇಡಿಯೋ ನೆಲೆಗಳು ಹವ್ಯಾಸಿಗಳ ಪುನಃಪ್ರಸಾರ ಕೇಂದ್ರಗಳಾದುದು ಅಂತಹ ಒಂದು ಸಂದರ್ಭ. ಇದು ಅಗ್ಗದ ಸಾಮಗ್ರಿಯ ಮರುಬಳಕೆ ಮಾತ್ರವಾಗಿತ್ತೇ ಎಂಬುದನ್ನು ಇಲ್ಲಿ ವಿಚಾರಿಸುವೆವು.

ಆರ್ಮ್‌ಸ್ಟ್ರಾಂಗ್ ಅವರು 1933ರಲ್ಲಿ ಹಕ್ಕುಪತ್ರ ಪಡೆದ ಎಫ್.ಎಂ. ಪದ್ಧತಿಯು 1940ರಲ್ಲಿ ಕನೆಕ್ಟಿಕಟ್ ರಾಜ್ಯದ ಪೊಲೀಸರ ವಾಹನಗಳಿಗೆ ಬಂದಿತು. ಯುದ್ಧಾನಂತರ ಅಗ್ನಿಶಾಮಕ ದಳ, ಟ್ಯಾಕ್ಸಿ, ಕಾರ್ಖಾನೆಗಳೂ ಅದನ್ನು ಅವಲಂಬಿಸಿದವು. ಬೇಡಿಕೆ ಹೆಚ್ಚಿದಂತೆ ಆಕಾಶದಲ್ಲಿ ಸ್ಥಳ ಸಾಲದಾಯಿತು. 1950ರ ದಶಕದ ಕೊನೆಗೆ ಅಲ್ಲಿನ ಫೆಡರಲ್ ಸಂಪರ್ಕ ಆಯೋಗವು ಪ್ರತಿ ಕೇಂದ್ರದ ತರಂಗವಿಚಲನೆಯನ್ನು 15 ಕಿಲೋಹರ್ಟ್ಸ್‌ನಿಂದ 5ಕ್ಕೆ ಇಳಿಸಬೇಕೆಂದು ವಿಧಿಸಿತು. ಸುಸ್ಥಿತಿಯಲ್ಲಿದ್ದ ಎಷ್ಟೋ ಉಪಕರಣಗಳು ಈ ಒಂದು ನಿಯಮದಿಂದಲೇ ನಿರುಪಯುಕ್ತವಾಗಿ ಅಗ್ಗದ ಬೆಲೆಗೆ ಮಾರುಕಟ್ಟೆಗೆ ಬಿದ್ದವು. ಅವು ದುಡಿಯುತ್ತಿದ್ದ 150 ಮೆಗಾಹರ್ಟ್ಸ್ ಸುತ್ತಣ ಪಟ್ಟಿಯು ಹವ್ಯಾಸಿಗಳ 144–148 ಪಟ್ಟಿಗೆ ನೆರೆಯದಾಗಿತ್ತು. ಹೊಸ ಸ್ಫಟಿಕವನ್ನು ಅಳವಡಿಸಿ ಮಂಡಲಗಳನ್ನು ಮತ್ತೆ ಶ್ರುತಿಗೊಳಿಸಿದರೆ ಯಂತ್ರವು ಹೊಸ ಆವರ್ತನಕ್ಕೆ ಒಗ್ಗುತ್ತಿತ್ತು.

ಆದರೆ ಆವರ್ತನವನ್ನು ಬದಲಿಸಿದ ಮಾತ್ರಕ್ಕೆ ವಾಣಿಜ್ಯ ನೆಲೆಯು ಪುನಃಪ್ರಸಾರ ಕೇಂದ್ರವಾಗದು. ಸಾಮಾನ್ಯ ನೆಲೆಯು ಒಮ್ಮೆ ಆಲಿಸುತ್ತದೆ, ಒಮ್ಮೆ ನುಡಿಯುತ್ತದೆ. ಪುನಃಪ್ರಸಾರ ಕೇಂದ್ರವಾದರೋ ಆಲಿಸುತ್ತಿರುವಾಗಲೇ ನುಡಿಯಬೇಕು. ಬೆಟ್ಟದ ಮೇಲಿದ್ದು, ವಾಹನವೊಂದರ ಕ್ಷೀಣ ಧ್ವನಿಯನ್ನು 146.34ರಲ್ಲಿ ಹಿಡಿದು ಆ ಕ್ಷಣದಲ್ಲೇ 146.94ರಲ್ಲಿ ಬಿತ್ತರಿಸಬೇಕು. ವಾಹಕ ತರಂಗವು ಬಂದೊಡನೆ ಪ್ರೇಷಕವನ್ನು ಎಚ್ಚರಿಸುವ ರಿಲೇಯನ್ನು ಹವ್ಯಾಸಿಗಳು ಸುಲಭವಾಗಿಯೇ ಜೋಡಿಸಿದರು. ಕಠಿನವಾದುದು ಬೇರ್ಪಡಿಕೆ. 50 ವಾಟ್ ಪ್ರೇಷಕದ ಬಲಕ್ಕೂ ಗ್ರಾಹಕವು ಹಿಡಿಯಬೇಕಾದ ಅರ್ಧ ಮೈಕ್ರೋವೋಲ್ಟಿನ ಸಂಕೇತಕ್ಕೂ ಇರುವ ಪ್ರಮಾಣವು 1ರ ಮುಂದೆ 16 ಸೊನ್ನೆಗಳಿಟ್ಟಷ್ಟು; ಎರಡು ಆವರ್ತನಗಳ ಅಂತರವಾದರೋ ನೂರಕ್ಕೆ ಅರ್ಧದಷ್ಟೂ ಇಲ್ಲ. ತನ್ನ ದನಿಗೆ ತಾನೇ ಕಿವುಡಾಗದಂತೆ ಕೆಲವರು ಗ್ರಾಹಕವನ್ನೂ ಪ್ರೇಷಕವನ್ನೂ ಬೇರೆ ಬೇರೆ ಸ್ಥಳಗಳಲ್ಲಿರಿಸಿ ತಂತಿಯಿಂದಲೋ ರೇಡಿಯೋ ಕೊಂಡಿಯಿಂದಲೋ ಸೇರಿಸಿದರು. ಮತ್ತೆ ಕೆಲವರು ಲೋಹದ ಕುಹರ ಶೋಧಕಗಳನ್ನು ನಿರ್ಮಿಸಿ ಒಂದೇ ಆಂಟೆನಾದಿಂದ ಎರಡು ಕೆಲಸವನ್ನೂ ಸಾಧಿಸಿದರು. ಬಿಟ್ಟುಬಿಟ್ಟು ನುಡಿಯುವುದಕ್ಕೆ ರೂಪಿತವಾದ ಪ್ರೇಷಕವು ಎಡೆಬಿಡದೆ ದುಡಿಯಬೇಕಾದುದರಿಂದ ಶಕ್ತಿಯನ್ನು ತಗ್ಗಿಸಿ ಗಾಳಿಯನ್ನು ಹಾಯಿಸಬೇಕಾಯಿತು.

ಪುನಃಪ್ರಸಾರದ ಕಲ್ಪನೆಯು ಈ ಹಳೆಯ ಉಪಕರಣಗಳಿಂದ ಹುಟ್ಟಿತೆನ್ನಲಾಗದು. ಲಾಸ್ ಏಂಜಲೀಸ್ ಪ್ರದೇಶದಲ್ಲಿ ಆರ್ಟ್ ಜೆಂಟ್ರಿ ಅವರ ಕೆ6ಎಂವೈಕೆ ಕೇಂದ್ರವು 1950ರ ದಶಕದಲ್ಲಿಯೇ, ಅದೂ ಎ.ಎಂ. ಪದ್ಧತಿಯಲ್ಲಿ, ನಡೆಯುತ್ತಿತ್ತು. ಕಲ್ಪನೆಯು ಒಬ್ಬಿಬ್ಬರದು; ಅದು ಊರೂರಿಗೆ ಹರಡಲು ಬೇಕಾದ ಸಾಧನವನ್ನು ಒದಗಿಸಿದುದು ಆಯೋಗದ ನಿಯಮ. ಇವೆರಡನ್ನು ಪ್ರತ್ಯೇಕವಾಗಿ ಕಾಣದಿದ್ದರೆ ಕಾರಣವನ್ನು ತಪ್ಪಾಗಿ ನಿರ್ಣಯಿಸಿದಂತಾಗುವುದು.

ಯಂತ್ರದೊಡನೆ ಅದರ ಸಾಮಾಜಿಕ ಸ್ವರೂಪವೂ ಮಾರ್ಪಟ್ಟಿತು. ವಾಣಿಜ್ಯ ನೆಲೆಯು ಒಡೆಯನ ಮಾತಿಗೆ ಮೀಸಲು. ಪುನಃಪ್ರಸಾರ ಕೇಂದ್ರವಾದರೋ ಒಬ್ಬರ ಹೆಸರಿನಲ್ಲಿದ್ದು ಅನೇಕರ ಮಾತನ್ನು ಹೊರುತ್ತದೆ. ಮಾಲೀಕನು ಊರಿನಲ್ಲಿ, ಯಂತ್ರವು ಬೆಟ್ಟದಲ್ಲಿ, ಮಾತನಾಡುವವನು ರಸ್ತೆಯಲ್ಲಿ. ಹೀಗಿರಲು ಆ ಮಾತಿಗೆ ಹೊಣೆ ಯಾರು? ಆಯೋಗವು 1972ರಲ್ಲಿ ಪುನಃಪ್ರಸಾರಕ್ಕೆ ಪ್ರತ್ಯೇಕ ನಿಯಮಗಳನ್ನು ರಚಿಸಿ, ನಿಯಂತ್ರಕನ ಹೊಣೆಯನ್ನು ನಿರ್ದೇಶಿಸಿ, 'ಡಬ್ಲ್ಯು.ಆರ್.' ಎಂದು ಆರಂಭವಾಗುವ ಕರೆಸಂಜ್ಞೆಗಳನ್ನು ಕೊಟ್ಟಿತು. ಆ ಸಂಜ್ಞೆಗಳ ಪದ್ಧತಿಯು ಕೆಲವು ವರ್ಷಗಳಲ್ಲಿ ನಿಂತಿತು. ಹೊಣೆಯ ಪ್ರಶ್ನೆ ನಿಲ್ಲಲಿಲ್ಲ.

ಆದುದರಿಂದ ಈ ಪರಿವರ್ತನೆಯನ್ನು ಮರುಬಳಕೆಯೆಂದಷ್ಟೇ ಕರೆಯುವುದು ಸಾಲದು. ಖಾಸಗಿ ಸಾಧನವೊಂದು ಸಮುದಾಯದ ಸ್ವತ್ತಾದ ಕಥೆಯಿದು. ಅದರ ಗುರುತು ಇಂದಿಗೂ ಅಳಿದಿಲ್ಲ. 146.94, 146.88, 146.82, 146.76 ಎಂದು 60 ಕಿಲೋಹರ್ಟ್ಸ್ ಅಂತರದಲ್ಲಿ ಸಾಗುವ ಹಳೆಯ ಆವರ್ತನಗಳು ಆ ಅಗಲ ಪಟ್ಟಿಯ ಯಂತ್ರಗಳ ಅಳತೆಯನ್ನೇ ಸೂಚಿಸುತ್ತವೆ. ಯಂತ್ರಗಳು ತುಕ್ಕು ಹಿಡಿದುಹೋದ ಮೇಲೆಯೂ ಅವುಗಳ ಹೆಜ್ಜೆಗಳು ಈ ಅಂಕಿಗಳಲ್ಲಿ ಉಳಿದಿವೆ.