ಊರಾಚೆ ಇದ್ದ ಜಕ್ಕೂರು ಏರೋಡ್ರೋಮು

ಏರ್‌ಪೋರ್ಟಿಗೆ ಹೋಗುವಾಗ ಹೆಬ್ಬಾಳ ದಾಟಿದ ಮೇಲೆ ಬಲಗಡೆ ಒಂದ್ಸಲ ನೋಡಿ. ಕಾಂಪೌಂಡಿನೊಳಗೆ ದೊಡ್ಡ ಬಯಲು ಕಾಣಿಸುತ್ತೆ. ಅದೇ ಜಕ್ಕೂರು ಏರೋಡ್ರೋಮು. ನಮ್ಮನೆ ಮಕ್ಕಳು ಅದನ್ನೇ ‘ಹಳೇ ಏರ್‌ಪೋರ್ಟು’ ಅಂದ್ಕೊಂಡಿದಾವೆ. ಅಲ್ಲ ಕಣ್ರೇ! ನಾವೆಲ್ಲ ಅಮೆರಿಕಕ್ಕೆ ಹೋಗೋರನ್ನ ಕಳಿಸೋಕೆ ಚಟ್ನಿಪುಡಿ ಡಬ್ಬ ಹೊತ್ಕೊಂಡು ಹೋಗ್ತಿದ್ದಿದ್ದು ಎಚ್‌.ಎ.ಎಲ್‌.ಗೆ. ಜಕ್ಕೂರು ಇದ್ದಿದ್ದು ವಿಮಾನ ಹಾರಿಸೋದು ಕಲಿಯೋರಿಗೆ.

1948ರಲ್ಲಿ ಅದು ಶುರುವಾಯ್ತು. 200 ಎಕರೆಗೂ ಹೆಚ್ಚು ಜಾಗ ಕೊಟ್ಟೋರು ನಮ್ಮ ಮಹಾರಾಜರು, ಜಯಚಾಮರಾಜೇಂದ್ರ ಒಡೆಯರು. ಅಲ್ಲೇ ಸರ್ಕಾರದ ವೈಮಾನಿಕ ತರಬೇತಿ ಶಾಲೆ ಬಂತು.

ಅಷ್ಟು ದೂರ ಯಾಕೆ ಅಂತೀರಾ? ಸೈಕಲ್ ಕಲಿಯೋ ಮಗೂನ ನಗರ್ತಪೇಟೆ ಸಂದೀಲಿ ಬಿಡ್ತೀವಾ? ಬಯಲಿಗೆ ಕರ್ಕೊಂಡು ಹೋಗ್ತೀವಿ. ಇದೂ ಹಾಗೇ. ಕೆಂಪೇಗೌಡರ ಹೆಸರು ಹೇಳೋ ಉತ್ತರದ ಗಡಿಗೋಪುರ ಇರೋದು ಮೇಖ್ರಿ ಸರ್ಕಲ್ ಹತ್ರ. ಅದರಾಚೆ ಹೆಬ್ಬಾಳದ ಕೆರೆ, ಅದಕ್ಕೂ ಆಚೆ ಜಕ್ಕೂರು. ಪೇಟೆಯೋರ ಲೆಕ್ಕದಲ್ಲಿ ಅದು ಬೇರೆ ಊರೇ.

1997ರಲ್ಲಿ ಕ್ಯಾಪ್ಟನ್ ಗೋಪಿನಾಥ್ ಹೆಲಿಕಾಪ್ಟರ್ ಕಂಪನಿ ಶುರು ಮಾಡಿದ್ದೂ ಇಲ್ಲಿಂದಲೇ. ಮುಂದೆ 2003ರಲ್ಲಿ ಕಡಿಮೆ ಟಿಕೇಟಿನ ಏರ್ ಡೆಕ್ಕನ್ ತಂದೋರು ಅವರೇ. ಎಷ್ಟೋ ಮನೆಗಳಲ್ಲಿ ಮೊದಲ ಸಲ ವಿಮಾನ ಹತ್ತಿದ್ದು ಅದರಲ್ಲೇ.

2008ರಲ್ಲಿ ದೇವನಹಳ್ಳಿ ಏರ್‌ಪೋರ್ಟು ಬಂತು. ಅದಕ್ಕೆ ಹೋಗೋದು ಇದೇ ಬಳ್ಳಾರಿ ರಸ್ತೆ. ಟ್ರಾಫಿಕ್ ಜಾಸ್ತಿಯಾಗಿ ಎತ್ತರದ ರಸ್ತೆ ಕಟ್ಟಿದ್ರು. ಅದು ಜಕ್ಕೂರಿನ ರನ್‌ವೇ ತುದಿಗೇ ಅಡ್ಡ ನಿಂತಿತು. ವಿಮಾನ ಲಿಫ್ಟಿನ ಥರ ನೆಟ್ಟಗೆ ಇಳಿಯಲ್ಲ, ದೂರದಿಂದ ಓರೆಯಾಗಿ ಇಳ್ಕೊಂಡು ಬರುತ್ತೆ. ಎದುರಿಗೆ ಎತ್ತರದ್ದೇನಾದ್ರೂ ಇದ್ರೆ ಅದನ್ನ ದಾಟಿ, ಇನ್ನೂ ಮುಂದೆ ನೆಲ ಮುಟ್ಟಬೇಕು. ಅಲ್ಲಿಗೆ ಇದ್ದ ರನ್‌ವೇನಲ್ಲೇ ಉಪಯೋಗಕ್ಕೆ ಬರೋ ಉದ್ದ ಕಮ್ಮಿಯಾಯ್ತು.

ನಮ್ಮ ಪೇಟೆ ಮನೆಗಳ ಕಥೆ ಗೊತ್ತಲ್ಲ. ಪಕ್ಕದೋರು ಮೂರು ಮಹಡಿ ಏರಿಸ್ತಾರೆ, ನಮ್ಮ ಒಂದು ಗೋಡೇನೂ ಮುಟ್ಟಿರಲ್ಲ. ಆದ್ರೂ ಅಡುಗೆಮನೆಗೆ ಹಗಲಲ್ಲೇ ದೀಪ ಹಾಕ್ಬೇಕು. ಜಕ್ಕೂರಿಗೂ ಆಗಿದ್ದು ಅದೇ. ದೊಡ್ಡ ಏರ್‌ಪೋರ್ಟಿಗೆ ಹೋಗೋ ದಾರಿ ಚಿಕ್ಕದರ ದಾರಿಗೆ ಅಡ್ಡ ಬಂತು. ಆ ರಸ್ತೇಲಿ ಬೇಗ ಹೋಗೋ ನಾವೂ ಅದರಲ್ಲಿ ಪಾಲುದಾರರೇ.

ಮುಂದಿನ ಸಲ ಹೋಗುವಾಗ ಮಕ್ಕಳಿಗೆ ತೋರಿಸಿ. ಅದು ಹಳೇ ಏರ್‌ಪೋರ್ಟಲ್ಲ, ವಿಮಾನದ ಶಾಲೆ ಅಂತ ಹೇಳಿ.