ಮೈಸೂರಿನ ಆಶ್ರಯ, ಮೆಟ್ನರ್ ಪತ್ರಗಳು ಮತ್ತು ಜೋಡಿ ಪಿಯಾನೊ

ರಷ್ಯದ ಸಂಗೀತ ರಚನಕಾರ ನಿಕೊಲಾಯ್ ಮೆಟ್ನರ್ (1880–1951) ತಮ್ಮ ಮೂರನೆಯ ಪಿಯಾನೊ ಕನ್ಚರ್ಟೊವನ್ನು ಮೈಸೂರಿನ ಜಯಚಾಮರಾಜೇಂದ್ರ ಒಡೆಯರಿಗೆ ಅರ್ಪಿಸಿದ್ದಾರೆ. ಮಹಾರಾಜರೇ ಹೇಳಿ ಬರೆಸಿದ ಕೃತಿ ಇದು ಎಂದು ಯಾರಿಗಾದರೂ ತೋರೀತು. ಕಾಲಕ್ರಮ ಅದನ್ನು ಒಪ್ಪುವುದಿಲ್ಲ. ಯುದ್ಧಕಾಲದಲ್ಲಿ ಶಿಷ್ಯೆ ಎಡ್ನಾ ಐಲ್ಸ್ ವಾರಿಕ್‌ಶೈರ್‌ನಲ್ಲಿ ಮೆಟ್ನರ್ ದಂಪತಿಗೆ ಆಸರೆ ಕೊಟ್ಟಿದ್ದರು. ಕೃತಿ 1943ರಲ್ಲಿ ಮುಗಿಯಿತು. 1944ರ ಫೆಬ್ರುವರಿಯಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಮೆಟ್ನರ್ ಅದನ್ನು ಮೊದಲ ಬಾರಿಗೆ ನುಡಿಸಿದರು. ಮೈಸೂರಿನ ನೆರವಿನ ಮಾತು ಬಂದದ್ದು ಆಮೇಲೆ. ಹಾಗಾಗಿ ಈ ಅರ್ಪಣೆಯನ್ನು ಋಣಸಂದಾಯವೆಂದೇ ಓದಬೇಕು.

ಮೆಟ್ನರ್ ಅವರ ಪತ್ರಸಂಗ್ರಹ 1973ರಲ್ಲಿ ಮಾಸ್ಕೊದಲ್ಲಿ ಅಚ್ಚಾಯಿತು. ಸಂಗೀತಗಾರರ ಒಳಜಗತ್ತು ಇಂಥ ಪತ್ರಗಳಲ್ಲಿ ತೆರೆದುಕೊಳ್ಳುತ್ತದೆ. ಕನ್ಚರ್ಟೊ ಬರೆದವರು ಮೊದಲು ಅದನ್ನು ಎರಡು ಪಿಯಾನೊಗಳಿಗೆ ಇಳಿಸಿಕೊಳ್ಳುವುದು ರೂಢಿ: ಒಂದರಲ್ಲಿ ಮುಖ್ಯ ವಾದಕ, ಇನ್ನೊಂದರಲ್ಲಿ ಇಡೀ ವಾದ್ಯವೃಂದದ ಭಾಗ. 1926ರ ಸೆಪ್ಟೆಂಬರಿನಲ್ಲಿ ರಾಕ್‌ಮನಿನೊಫ್ ತಮ್ಮ ನಾಲ್ಕನೆಯ ಕನ್ಚರ್ಟೊದ ಇಂಥ ಪ್ರತಿಯ 110 ಪುಟಗಳನ್ನು ಕಂಡು ಗಾಬರಿಯಾಗಿ ಮೆಟ್ನರ್‌ಗೆ ಬರೆದರು. ವಾದ್ಯವೃಂದ ಸುಮ್ಮನಿರುವುದೇ ಅಪರೂಪ, ಅದು ದೊಡ್ಡ ದೋಷ ಎಂದೂ ನೊಂದುಕೊಂಡರು. ಮೆಟ್ನರ್ ಒಪ್ಪಲಿಲ್ಲ. ಕೃತಿಯ ಘನತೆಗೆ ಹೋಲಿಸಿದರೆ ಪುಟಗಳು ಕಡಿಮೆಯೇ ಎಂದು ಉತ್ತರಿಸಿದರು. ಸ್ನೇಹಿತನಿಗೆ ಧೈರ್ಯ ಹೇಳುವ ಈ ರೀತಿ ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ.

ಮೆಟ್ನರ್ ಎರಡು ಪಿಯಾನೊಗಳಿಗೆಂದೇ ಬರೆದದ್ದು ಕೃತಿಸಂಖ್ಯೆ 58ರ ಎರಡು ರಚನೆಗಳು. ಅವುಗಳಲ್ಲಿ ಮೊದಲನೆಯದು ರಷ್ಯನ್ ವೃತ್ತನೃತ್ಯ. ಇಂಥ ಕಛೇರಿಗೆ ಸಿದ್ಧತೆಯೇ ಒಂದು ಕೆಲಸ. ಎರಡು ದೊಡ್ಡ ಪಿಯಾನೊಗಳ ಬಾಗು ಒಂದಕ್ಕೊಂದು ಕೂಡುವಂತೆ ಜೋಡಿಸಬೇಕು. ವಾದಕರು ಎದುರುಬದುರು ಕೂರುತ್ತಾರೆ. ಸಭೆಯತ್ತ ದನಿ ಹರಿಯಲೆಂದು ಒಂದರ ಮುಚ್ಚಳವನ್ನು ಕಳಚಿಡುತ್ತಾರೆ. ಎರಡರ ಶ್ರುತಿಯೂ ಕೂದಲೆಳೆಯಷ್ಟು ವ್ಯತ್ಯಾಸವಿಲ್ಲದೆ ಸೇರಬೇಕು, ಇಲ್ಲವಾದರೆ ಸಂಗೀತ ಕೆಟ್ಟಂತೆಯೇ. ವೃತ್ತನೃತ್ಯವನ್ನು ಮೆಟ್ನರ್ 1946ರಲ್ಲಿ ಬೆನ್ನೊ ಮೊಯ್ಸೆಯಿವಿಚ್ ಜೊತೆ ಮುದ್ರಿಸಿದರು.

ಮೈಸೂರಿನ ಪಾತ್ರ ದೊಡ್ಡದಾಗುವುದು ಧ್ವನಿಮುದ್ರಣದ ವಿಷಯದಲ್ಲೇ. ಲಂಡನ್ನಿನಲ್ಲಿದ್ದ ಮೈಸೂರಿನ ಟ್ರೇಡ್ ಕಮಿಷನರ್ ಕ್ಯಾಪ್ಟನ್ ಬಿನ್‌ಸ್ಟೆಡ್ ಮಹಾರಾಜರ ಮತ್ತು ಮೆಟ್ನರ್ ನಡುವಿನ ಕೊಂಡಿ. ಸಂಸ್ಥಾನದ ವ್ಯಾಪಾರ ನೋಡಿಕೊಳ್ಳುವ ಅಧಿಕಾರಿ ಸಂಗೀತದ ಕೆಲಸಕ್ಕೂ ನಿಂತದ್ದು ನಮ್ಮ ಆಡಳಿತ ಚರಿತ್ರೆ ಗಮನಿಸಬೇಕಾದ ಸಂಗತಿ. ಮೂರೂ ಕನ್ಚರ್ಟೊಗಳು ಫಿಲ್‌ಹಾರ್ಮೋನಿಯಾ ವಾದ್ಯವೃಂದದೊಡನೆ 1947ರಲ್ಲಿ ಮುದ್ರಣಗೊಂಡವು. 78 ಸುತ್ತಿನ ತಟ್ಟೆಯ ಒಂದು ಬದಿಯಲ್ಲಿ ಹಿಡಿಸುತ್ತಿದ್ದುದು ನಾಲ್ಕೈದು ನಿಮಿಷ ಮಾತ್ರ. ಆರೋಗ್ಯ ಕೆಟ್ಟಿದ್ದ ಮೆಟ್ನರ್ ತುಂಡುತುಂಡಾಗಿ ಕುಳಿತು ನುಡಿಸಿದರು. ಎಲಿಸಬೆತ್ ಶ್ವಾರ್ಟ್ಸ್‌ಕಾಫ್ ಅವರ ಹಾಡುಗಳಿಗೂ ಅವರದೇ ಪಿಯಾನೊ.

ಒಡೆಯರ್ ಸ್ವತಃ ಪಿಯಾನೊ ಕಲಿತವರು. 1945ರಲ್ಲಿ ಲಂಡನ್ನಿನ ಟ್ರಿನಿಟಿ ಸಂಗೀತ ಕಾಲೇಜಿನ ಗೌರವ ಫೆಲೊ, 1948ರಲ್ಲಿ ಫಿಲ್‌ಹಾರ್ಮೋನಿಯಾ ಕನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರು. ಅವರ 94 ಕರ್ನಾಟಕ ಸಂಗೀತ ಕೃತಿಗಳ ಮೇಲೆ ಕೆಲಸ ಮಾಡುವ ನಮ್ಮ ಸಂಶೋಧಕರು ಮೆಟ್ನರ್ ಪತ್ರಗಳನ್ನೂ ಧ್ವನಿಮುದ್ರಿಕೆಗಳನ್ನೂ ಅದೇ ಅಧ್ಯಯನದೊಳಗೆ ತರಬೇಕು.